ಮಲೆನಾಡಿನ ದಾರಿಗೆ ಒಗ್ಗುವ ಸೈಕಲ್

(ಬಳಗದ ಸೈಕಲ್ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನಲ್ಲಿ ಸೈಕಲ್ ತುಳಿಯುವವರಿಗೆ ಒಂದೇ ಬಗೆಯ ದಾರಿ ಸಿಗುವುದಿಲ್ಲ. ಮನೆಯಂಗಳದಿಂದ ಹೊರಟವರು ತೋಟದ ಕಾಲುದಾರಿ, ಕೊರಕಲು ಬಿದ್ದ ಜಂಬಿಟ್ಟಿಗೆ ರಸ್ತೆ, ಜಲ್ಲಿ ಕಿತ್ತ ಏರು ಇವನ್ನೆಲ್ಲ ದಾಟಿದ ಮೇಲೆ ಡಾಂಬರು ಕಾಣುತ್ತಾರೆ. ಅಲ್ಲಿಂದ ಮುಂದೆ ಘಾಟಿ. ಇಂಥ ಮಿಶ್ರ ದಾರಿಗೆ ದೊಡ್ಡ ಚಕ್ರ, ಹಗುರ ಚೌಕಟ್ಟು ಬೇಕೆಂಬುದು ಪೇಟೆಯ ಅಂಗಡಿಗಳ ಸಿದ್ಧ ಉತ್ತರ. ಅದನ್ನು ಪರೀಕ್ಷಿಸದೆ ಕೊಂಡ ಸೈಕಲ್ಲುಗಳಲ್ಲಿ ಎಷ್ಟೋ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೊಟ್ಟಿಗೆಯ ಮೂಲೆ ಸೇರುತ್ತವೆ; ಅವುಗಳ ಜಾಗಕ್ಕೆ ಬೈಕು ಬರುತ್ತದೆ. ಪರಿಸರದ ಕಾಳಜಿಯುಳ್ಳವರು ಚೌಕಟ್ಟು, ಚಕ್ರಗಳ ವಿಚಾರಕ್ಕೆ ತಲೆ ಕೆಡಿಸಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಉಕ್ಕೆಂದರೆ ಒಂದೇ ಉಕ್ಕಲ್ಲ. ಹಾಲಿನವರೂ ಅಂಚೆಯವರೂ ತಲೆಮಾರುಗಳಿಂದ ತುಳಿದ ಕಪ್ಪು ಸೈಕಲ್ಲಿನದು ಸಾಮಾನ್ಯ ಮೈಲ್ಡ್ ಸ್ಟೀಲ್. ದೂರ ಪ್ರವಾಸದ ಸೈಕಲ್ಲುಗಳಿಗೆ ಬಳಸುವುದು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಕ್ರೋಮೋಲಿ. ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆಗೆ ಇಂಗ್ಲೆಂಡಿನ ರೆನಾಲ್ಡ್ಸ್ 1897ರಲ್ಲೇ ಪೇಟೆಂಟ್ ಪಡೆದಿತ್ತು. 1935ರಲ್ಲಿ ಬಂದ ಅದರ 531 ಎಂಬ ಉಕ್ಕು ದಶಕಗಳ ಕಾಲ ಒಳ್ಳೆಯ ಸೈಕಲ್ಲಿನ ಗುರುತಾಗಿತ್ತು. ದುಬಾರಿ ಉಕ್ಕು ಸ್ವಭಾವತಃ ಮೃದುವಾಗಿ ಓಡುತ್ತದೆಂಬ ನಂಬಿಕೆ ಮಾತ್ರ ಸರಿಯಲ್ಲ. ಭಾರಕ್ಕೆ ಬಾಗುವ ಗುಣವನ್ನು ಅಳೆಯುವ ಸ್ಥಿತಿಸ್ಥಾಪಕತ್ವದ ಅಂಕ ಎರಡೂ ಉಕ್ಕುಗಳಿಗೆ ಸುಮಾರು 200 ಗಿಗಾಪಾಸ್ಕಲ್. ವ್ಯತ್ಯಾಸವಿರುವುದು ಬಲದಲ್ಲಿ. ಬಲ ಹೆಚ್ಚಿರುವುದರಿಂದ ಕ್ರೋಮೋಲಿ ಕೊಳವೆಯ ನಡುಭಾಗವನ್ನು ಅರ್ಧ ಮಿಲಿಮೀಟರಿನಷ್ಟು ತೆಳುವಾಗಿಸಬಹುದು. ತೂಕ ಇಳಿಯುವುದೂ ಸ್ವಲ್ಪ ಬಳುಕು ಬರುವುದೂ ಆ ತೆಳುವಿನಿಂದ.

ಆದರೆ ಆ ತೆಳುವಿಗೆ ತೆರಬೇಕಾದ ಬೆಲೆಯೂ ಇದೆ. ಮೈಲ್ಡ್ ಸ್ಟೀಲ್ ಚೌಕಟ್ಟು ಸೀಳಿದರೆ ಗೇಟು, ಗ್ರಿಲ್ಲು ಮಾಡುವ ಊರಿನ ವರ್ಕ್‌ಶಾಪಿನಲ್ಲೇ ಬೆಸೆಯಬಹುದು. ತೆಳು ಕ್ರೋಮೋಲಿಗೆ ನುರಿತ ಕೈ ಬೇಕು. ಅಲ್ಯುಮಿನಿಯಂ ಚೌಕಟ್ಟಾದರೆ ಬೆಸುಗೆಗೆ ಬೇರೆಯೇ ಸಲಕರಣೆ ಬೇಕಾಗುತ್ತದೆ, ಆ ಮೇಲೂ ಮೊದಲಿನ ಬಲ ಸುಲಭವಾಗಿ ಮರಳುವುದಿಲ್ಲ. ಜೊತೆಗೆ, ಒಂದು ಮಿತಿಯೊಳಗಿನ ಅಲುಗಾಟವನ್ನು ಉಕ್ಕು ಎಷ್ಟು ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯುಮಿನಿಯಂಗೆ ಅಂಥ ಮಿತಿಯಿಲ್ಲ, ಸಣ್ಣ ಅಲುಗಾಟದ ದಣಿವೂ ಕೂಡುತ್ತಲೇ ಹೋಗುತ್ತದೆ. ಉಕ್ಕಿನ ಶತ್ರು ತುಕ್ಕು, ಅದೂ ಒಳಗಿನ ತುಕ್ಕು. ಸೀಟಿನ ಕಂಬದ ಬಳಿ ಇಳಿದ ಮಳೆನೀರು ಪೆಡಲಿನ ಅಚ್ಚಿರುವ ಗೂಡಿನಲ್ಲಿ ನಿಲ್ಲುತ್ತದೆ. ಆ ಗೂಡಿನ ತಳದಲ್ಲಿ ನೀರು ಹೋಗಲು ಒಂದು ತೂತಿರಬೇಕು. ಮಳೆಗಾಲಕ್ಕೆ ಮುನ್ನ ಸೀಟು ಕಳಚಿ ಒಳಕ್ಕೆ ಎಣ್ಣೆ ಹರಿಸಿದರೆ ಚೌಕಟ್ಟಿನ ಆಯುಷ್ಯ ಹೆಚ್ಚುತ್ತದೆ.

ಚಕ್ರದ ವಿಷಯದಲ್ಲಿ ಗೊಂದಲ ಹೆಸರಿನಿಂದಲೇ ಶುರು. 26 ಇಂಚಿನದೆಂಬ ಹೆಸರಿನಲ್ಲೇ ಮೂರು ನಾಲ್ಕು ಬಗೆಯ ಟಯರುಗಳಿದ್ದು, ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಆದ್ದರಿಂದ ಟಯರಿನ ಪಕ್ಕೆಯಲ್ಲಿ ಅಚ್ಚಾದ ಮಿಲಿಮೀಟರ್ ಅಂಕಿಯನ್ನೇ ಓದಬೇಕು. 40-635 ಎಂದರೆ 40 ಮಿ.ಮೀ. ಅಗಲ, ಟಯರಿನ ಅಂಚು ಕೂರುವಲ್ಲಿ ರಿಮ್ಮಿನ ವ್ಯಾಸ 635: ಅದು ಹಳೆಯ ಕಪ್ಪು ಸೈಕಲ್ಲಿನ 28 ಇಂಚು. 622 ಎಂಬುದು ರೇಸಿನ 700ಸಿ. ಅದೇ ರಿಮ್ಮಿಗೆ ದಪ್ಪ ಟಯರು ಹಾಕಿದಾಗ 29 ಇಂಚು ಎಂಬ ಹೆಸರು. ಫ್ರಾನ್ಸಿನ ಪ್ರವಾಸಿ ಸವಾರರು ಮೆಚ್ಚಿದ 650ಬಿ ಅಂದರೆ 584; ಗುಡ್ಡಗಾಡಿನ ಸೈಕಲ್ಲುಗಳ ಹಳೆಯ 26 ಅಂದರೆ 559.

ದೊಡ್ಡ ಚಕ್ರ ಕಲ್ಲು, ಗುಂಡಿಗಳನ್ನು ಸಲೀಸಾಗಿ ದಾಟುತ್ತದೆ ಎನ್ನುವುದು ನಿಜ. ಆದರೆ ಎಷ್ಟು ಸಲೀಸಾಗಿ? ಎರಡಿಂಚಿನ ಟಯರು ತೊಟ್ಟ 559ರ ಚಕ್ರ ಐದು ಸೆಂಟಿಮೀಟರ್ ಎತ್ತರದ ಕಲ್ಲಿಗೆ ಏರುವ ಕೋನ ಸುಮಾರು 32 ಡಿಗ್ರಿ, 622ರದು ಸುಮಾರು 30.5. ಕೇವಲ ಒಂದೂವರೆ ಡಿಗ್ರಿಗಾಗಿ ಇಷ್ಟೊಂದು ಜಾಹೀರಾತು. ಅಗಲದ ಪರಿಣಾಮ ಇದಕ್ಕಿಂತ ಬಹಳ ದೊಡ್ಡದು. 25 ಮಿ.ಮೀ. ಟಯರಿಗೆ ಸುಮಾರು 90 ಪೌಂಡ್ ಗಾಳಿ ತುಂಬಬೇಕು, 50 ಮಿ.ಮೀ.ನದಕ್ಕೆ 40ಕ್ಕೂ ಕಡಿಮೆ ಸಾಕು. ಜಲ್ಲಿಯ ಮೇಲೆ ಮುಂಗೈಯನ್ನೂ ಬೆನ್ನನ್ನೂ ಕಾಯುವುದು ಈ ಮೆತ್ತನೆಯ ಗಾಳಿಯೇ ಹೊರತು ಚೌಕಟ್ಟಿನ ಲೋಹವಲ್ಲ. ಅಗ್ಗದ ಸೈಕಲ್ಲಿಗೆ ಸಿಕ್ಕಿಸುವ ಸ್ಪ್ರಿಂಗ್ ಫೋರ್ಕಂತೂ ಅಲ್ಲವೇ ಅಲ್ಲ. ತೂಕ ಹೆಚ್ಚಿಸಿ, ಕೆಸರು ಕುಡಿದು, ಬಿಗಿದುಕೊಳ್ಳುವುದಷ್ಟೇ ಅದರ ಕೆಲಸ.

ಹಾಗಾದರೆ ಅಗಲ ಟಯರಿನ ಹಳೆಯ 28 ಇಂಚಿನ ಕಪ್ಪು ಸೈಕಲ್ಲೇ ಸಾಕಲ್ಲವೇ ಎಂದು ಕೇಳಬಹುದು. ಬಯಲಿಗೆ ಸಾಕು. ಆದರೆ ಅದರ ಕಂಬಿ ಬ್ರೇಕು ಹಿಡಿಯುವುದು ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮನ್ನು. ಒದ್ದೆಯಾದ ಕ್ರೋಮಿನ ಮೇಲೆ ರಬ್ಬರ್ ಜಾರುತ್ತದೆ. ಜುಲೈ ಮಳೆಯಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಅಂಥ ಬ್ರೇಕು ನಂಬಿ ಇಳಿಯುವುದು ಜೀವದೊಡನೆ ಆಡುವ ಜೂಜು. ಅಲ್ಯುಮಿನಿಯಂ ರಿಮ್ ಒದ್ದೆಯಲ್ಲಿಯೂ ಇದಕ್ಕಿಂತ ಬಹಳ ಚೆನ್ನಾಗಿ ಹಿಡಿಯುತ್ತದೆ. ಡಿಸ್ಕ್ ಇನ್ನೂ ಮೇಲು. ಚೌಕಟ್ಟಿನಲ್ಲಿ ಉಕ್ಕು, ರಿಮ್ಮಿನಲ್ಲಿ ಅಲ್ಯುಮಿನಿಯಂ ಎಂಬುದನ್ನು ಇಲ್ಲಿಯ ಮಟ್ಟಿಗೆ ನಿಯಮವೆಂದೇ ಹಿಡಿಯಬಹುದು.

ಏರಿನ ಕಥೆ ಬೇರೆ. ಮುಂದೆ 48, ಹಿಂದೆ 18 ಹಲ್ಲುಗಳಿದ್ದರೆ 28 ಇಂಚಿನ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು ಆರು ಮೀಟರ್ ಓಡುತ್ತದೆ. ಘಾಟಿಯಲ್ಲಿ ಅದನ್ನು ತುಳಿಯುವ ಮೊಣಕಾಲು ವಿರಳ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಐದು ಮೀಟರಿಗೆ ಇಳಿಯುತ್ತದೆ, ಅದೂ ಸಾಲದು; ಗೇರು ಬೇಕೇ ಬೇಕು. ಫ್ರಾನ್ಸಿನ ಗುಡ್ಡಗಾಡು ಪಟ್ಟಣ ಸಾಂತೆತಿಯೆನ್‌ನಲ್ಲಿ 1887ರಿಂದ ಸೈಕಲ್ ಪತ್ರಿಕೆ ನಡೆಸಿದ ಪೌಲ್ ದ ವಿವಿ ಗೇರಿನ ಪರವಾಗಿ ಜೀವನವಿಡೀ ವಾದಿಸಿ 1930ರಲ್ಲಿ ತೀರಿಕೊಂಡರು. ಟೂರ್ ದ ಫ್ರಾನ್ಸ್ ಸ್ಪರ್ಧೆ ಡಿರೈಲರ್ ಗೇರಿಗೆ ಅನುಮತಿ ಕೊಟ್ಟದ್ದು 1937ರಲ್ಲಿ. ಬೆಟ್ಟದವರ ಅನುಭವ ಬಯಲಿನ ಪ್ರತಿಷ್ಠೆಗೆ ಅರ್ಥವಾಗಲು ತಡವಾಗುತ್ತದೆ.

ದುಬಾರಿ ಗುಡ್ಡಗಾಡು ಸೈಕಲ್ಲುಗಳ ತಯಾರಕರು 2010ರ ದಶಕದಲ್ಲಿ 559ನ್ನು ಬಹುತೇಕ ಕೈಬಿಟ್ಟರು. ಆದರೆ ಇಲ್ಲಿನ ತಾಲ್ಲೂಕು ಪೇಟೆಗಳಲ್ಲಿ ಸುಲಭವಾಗಿ ಸಿಗುವ ಟಯರು, ಟ್ಯೂಬುಗಳಲ್ಲಿ ಅದೂ ಒಂದು. ಸ್ಪ್ರಿಂಗಿಲ್ಲದ ಫೋರ್ಕು, ಉಕ್ಕಿನ ಚೌಕಟ್ಟು, ಅಲ್ಯುಮಿನಿಯಂ ರಿಮ್, ಆರೇಳು ಗೇರು ಇರುವ 26 ಇಂಚಿನ ಸಾದಾ ಸೈಕಲ್ ಫ್ಯಾಷನ್ನಿಗೆ ಹೊರತಾದರೂ ಮಲೆನಾಡಿನ ದಾರಿಗೆ ಸದ್ಯ ಅದಕ್ಕಿಂತ ಒಗ್ಗುವುದು ಮತ್ತೊಂದಿಲ್ಲ. ಕೊಳ್ಳುವಾಗ ಟಯರಿಗೂ ಫೋರ್ಕಿಗೂ ನಡುವೆ ಕಿರುಬೆರಳು ತೂರುವಷ್ಟಾದರೂ ಜಾಗವಿದೆಯೇ ನೋಡಬೇಕು. ಜಂಬಿಟ್ಟಿಗೆಯ ಕೆಸರು ಮೆತ್ತಿಕೊಳ್ಳುವುದು ಅಲ್ಲಿಯೇ. ಹಣ ಕೊಡುವ ಮುನ್ನ ಟಯರಿನ ಮೇಲಿನ ಅಂಕಿ ಬರೆದುಕೊಂಡು, ಊರಿನ ಪಂಕ್ಚರ್ ಅಂಗಡಿಯವರಿಗೆ ತೋರಿಸಿ, ಆ ಅಳತೆಯ ಟ್ಯೂಬು ಇಡುತ್ತಾರೆಯೇ ಎಂದು ವಿಚಾರಿಸಬೇಕು.