ತಪ್ಪು ಉತ್ತರ ಕೊಡುವ ವೇಗ

ಇವತ್ತು ರಾಜಕೀಯ ಬೇಡ. ನಮ್ಮನೆ ಕಂಪ್ಯೂಟರಿನ ಕಥೆ ಹೇಳ್ತೀನಿ.

ಮೊನ್ನೆ ಮಗ ಬಂದು, "ಅಪ್ಪಾ, ಪ್ರೊಸೆಸರ್ ಓವರ್‌ಕ್ಲಾಕ್ ಮಾಡ್ಲಾ?" ಅಂತ ಕೇಳಿದ. ಬೇಡ ಅನ್ನೋಕೆ ನನಗೆ ಬಾಯಿಲ್ಲ. ಯಾಕಂದ್ರೆ ಈ ಚಟಕ್ಕೆ ಅವನಿಗಿಂತ ಮೊದಲು ಬಿದ್ದವನು ನಾನೇ.

1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಬಂತು. ಕಡಿಮೆ ಬೆಲೆಯ ಚಿಪ್, ವೇಗ 300 ಮೆಗಾಹರ್ಟ್ಸ್. ಲೆಕ್ಕ ಸರಳ. ಮದರ್‌ಬೋರ್ಡ್ 66 ಮೆಗಾಹರ್ಟ್ಸ್ ತಾಳ ಹಾಕುತ್ತೆ, ಚಿಪ್ ಅದರ ನಾಲ್ಕೂವರೆ ಪಟ್ಟು ವೇಗದಲ್ಲಿ ಕುಣಿಯುತ್ತೆ. ತಾಳವನ್ನೇ 100ಕ್ಕೆ ಏರಿಸಿದರೆ? 450! ಕಾಸಿಗೆ ತಕ್ಕ ಕಜ್ಜಾಯ ಅಂತಾರಲ್ಲ, ಇಲ್ಲಿ ಕಾಸು 300ರದ್ದು, ಕಜ್ಜಾಯ 450ರದ್ದು. ಎಷ್ಟೋ ದೇಶಗಳ ಹುಡುಗರು ಇದನ್ನೇ ಮಾಡಿದರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಪ್ ಕೊಂಡ ನಾನೂ ಮಾಡಿದೆ.

ವಿಂಡೋಸ್ ಬಂತು, ಗೇಮ್ ಓಡಿತು. ಗೆಳೆಯರನ್ನೆಲ್ಲ ಕರೆದು ತೋರಿಸಿದೆ. ಪರೀಕ್ಷೆ? ಓಡ್ತಿದೆಯಲ್ಲ, ಇನ್ನೇನು ಪರೀಕ್ಷೆ!

ಅದೇ ಕಂಪ್ಯೂಟರಿನಲ್ಲಿ ಅಕ್ಕ ತನ್ನ ಎಂ.ಎಸ್ಸಿ. ಪ್ರಾಜೆಕ್ಟ್ ವರದಿ ಟೈಪ್ ಮಾಡ್ತಿದ್ದಳು. ಏಪ್ರಿಲ್ ಬಿಸಿಲು. ಒಂದು ಮಧ್ಯಾಹ್ನ ಪರದೆ ನೀಲಿಯಾಯ್ತು. ಮತ್ತೆ ಆನ್ ಮಾಡಿದರೆ ಫೈಲ್ ತೆರೆಯಲೇ ಇಲ್ಲ. ಫ್ಲಾಪಿಯಲ್ಲಿಟ್ಟ ಪ್ರತಿ? ಅದೂ ಹಾಳಾಗಿತ್ತು. ಅಂದರೆ ಯಂತ್ರ ಆ ಮೊದಲೇ ಸದ್ದಿಲ್ಲದೆ ತಪ್ಪು ಮಾಡ್ತಿತ್ತು. ಅಕ್ಕ ನನ್ನನ್ನು ಬೈಯಲಿಲ್ಲ. ಮೂರು ರಾತ್ರಿ ಕೂತು ಮತ್ತೆ ಟೈಪ್ ಮಾಡಿದಳು. ನಾನು ಪಕ್ಕದಲ್ಲಿ ಕೂತು ಅವಳ ನೋಟ್ಸ್ ಓದಿ ಹೇಳಿದೆ. ಬೈದಿದ್ದರೇ ಚೆನ್ನಾಗಿತ್ತು.

ನೋಡಿ, ವೇಗ ಮಿತಿ ಮೀರಿದಾಗ ಚಿಪ್‌ನೊಳಗಿನ ಸಂಕೇತಕ್ಕೆ ಮುಂದಿನ ತಾಳದೊಳಗೆ ಗುರಿ ಮುಟ್ಟಲು ಸಮಯ ಸಾಲೋದಿಲ್ಲ. ವೋಲ್ಟೇಜ್ ಏರಿಸಿದರೆ ಮುಟ್ಟಬಹುದು, ಆದರೆ ಬಿಸಿ ಏರುತ್ತೆ. ವೋಲ್ಟೇಜ್ ಶೇ. 10 ಹೆಚ್ಚಿಸಿದರೆ, ವೇಗ ಅಷ್ಟೇ ಇದ್ದರೂ, ಚಿಪ್ ಕೆಲಸಕ್ಕೆ ಬಳಸುವ ವಿದ್ಯುತ್ ಸುಮಾರು ಶೇ. 21 ಹೆಚ್ಚುತ್ತೆ.

ಹಾಗಾಗಿ ಮಗನಿಗೆ ಬೇಡ ಅನ್ನಲಿಲ್ಲ, ಷರತ್ತು ಹಾಕಿದೆ. ಮೊದಲು ಫೈಲುಗಳ ನಕಲು ಬೇರೆ ಡಿಸ್ಕ್‌ನಲ್ಲಿರಲಿ. ವೇಗ ಒಂದೊಂದೇ ಮೆಟ್ಟಿಲು ಏರಲಿ. ಪ್ರತಿ ಮೆಟ್ಟಿಲಲ್ಲೂ ಪ್ರೈಮ್95 ಓಡಲಿ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಯೋಜನೆಯ ತಂತ್ರಾಂಶ ಅದು. ಉತ್ತರ ಮೊದಲೇ ಗೊತ್ತಿರುವ ಭಾರೀ ಲೆಕ್ಕಗಳನ್ನು ಪ್ರೊಸೆಸರ್‌ಗೆ ಗಂಟೆಗಟ್ಟಲೆ ಕೊಟ್ಟು, ಬಂದ ಉತ್ತರವನ್ನು ತಾಳೆ ನೋಡುತ್ತೆ. ಒಂದೇ ಒಂದು ತಪ್ಪಿದರೂ ಫೇಲ್. ರಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86.

ಮೊದಲ ರಾತ್ರಿ ನಾಲ್ಕನೇ ಗಂಟೆಯಲ್ಲಿ ಫೇಲ್ ಆಯ್ತು. "ಮೂರು ಗಂಟೆ ಸರಿಯಾಗೇ ಇತ್ತಲ್ಲಪ್ಪಾ" ಅಂದ ಮಗ. "ನಿಮ್ಮತ್ತೆ ಫೈಲೂ ಅಲ್ಲೀತನಕ ಸರಿಯಾಗೇ ಇತ್ತು ಕಣೋ" ಅಂದೆ. ಮಾತಾಡದೆ 100 ಮೆಗಾಹರ್ಟ್ಸ್ ಇಳಿಸಿದ. ಮಾರನೇ ಬೆಳಗ್ಗೆ ತಪ್ಪು ಸೊನ್ನೆ.

ನನ್ನ ಕಸುಬೂ ವೇಗದ್ದೇ, ವೀಕ್ಷಕರೇ. ಎಲ್ಲರಿಗಿಂತ ಮೊದಲು ಸುದ್ದಿ ಕೊಡಬೇಕು ಅಂತ ಓಡುವವರು ನಾವು. ಕೆಟ್ಟು ನಿಂತ ಯಂತ್ರ ಎಲ್ಲರ ಕಣ್ಣಿಗೂ ಬೀಳುತ್ತೆ. ತಪ್ಪು ಉತ್ತರ ಕೊಡ್ತಾನೇ ಚೆನ್ನಾಗಿ ಓಡುವ ಯಂತ್ರ ಯಾರ ಕಣ್ಣಿಗೂ ಬೀಳೋದಿಲ್ಲ. ಅದಕ್ಕೇ ಸ್ಟುಡಿಯೋಗೆ ಬರುವ ಮುಂಚೆ ಒಂದು ಕ್ಷಣ ಅಕ್ಕನ ಆ ಮೂರು ರಾತ್ರಿಗಳನ್ನು ನೆನೆಸಿಕೊಳ್ತೀನಿ.