ಸಂದರ್ಶನದ ಕೋಣೆಯಲ್ಲಿ ನಡೆಯುವ ಅನ್ಯಾಯ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆಲಸದ ಸಂದರ್ಶನಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದ ಮಗನಿಗೆ ನಮ್ಮ ಕೇರಿಗಳಲ್ಲಿ ತಂದೆ ಹೇಳುವ ಮಾತು ಒಂದೇ: “ಹೋಗಲಿ ಬಿಡಪ್ಪ, ನಿನ್ನ ಹಣೆಯಲ್ಲಿ ಬರೆದಿರಲಿಲ್ಲ.” ಹಣೆಯಲ್ಲಿ ಬರೆದದ್ದನ್ನು ಓದಿದವರು ಈ ಸಭೆಯಲ್ಲಿ ಯಾರೂ ಇರಲಾರರು. ಆದರೆ ಆ ಕೋಣೆಯಲ್ಲಿ ಕುಳಿತಿದ್ದ ಮೂವರೋ ಐವರೋ ಒಂದು ಕಾಗದದ ಮೇಲೆ ಏನನ್ನೋ ಬರೆದಿದ್ದಾರೆ, ಇಲ್ಲವೇ ಏನನ್ನೂ ಬರೆಯದೆ ಎದ್ದುಹೋಗಿದ್ದಾರೆ. ಏನು ಬರೆದಿರಿ ಎಂದು ನಾವು ಕೇಳುವುದಿಲ್ಲ. ಕೇಳಬಹುದೆಂಬುದೇ ಬಹಳ ಮಂದಿಗೆ ಗೊತ್ತಿಲ್ಲ.

ನಾವು ಪಕ್ಷದ ಕೆಲಸಕ್ಕೆ ಬರುವ ಮೊದಲು ಕೆಲವು ವರ್ಷ ಮೇಷ್ಟರಾಗಿದ್ದವರು. ಲೆಕ್ಕದಲ್ಲಿ ಒಬ್ಬ ಹುಡುಗನಿಗೆ ನೂರಕ್ಕೆ ಇಪ್ಪತ್ತು ಹಾಕಿದ್ದರೆ, ಅವನ ತಂದೆ ಬಂದು “ಯಾಕೆ ಸ್ವಾಮಿ?” ಎಂದಾಗ ಉತ್ತರ ಪತ್ರಿಕೆ ತೆಗೆದು, ಇಗೋ ಇಲ್ಲಿ ಭಾಗಾಕಾರ ತಪ್ಪಿದೆ, ಇಲ್ಲಿ ಲೆಕ್ಕವನ್ನೇ ಬಿಟ್ಟಿದ್ದಾನೆ ಎಂದು ತೋರಿಸುತ್ತಿದ್ದೆವು. ತೋರಿಸಲೇಬೇಕಾಗಿತ್ತು. ಸಂದರ್ಶನಕ್ಕೆ ಉತ್ತರ ಪತ್ರಿಕೆ ಎಂಬುದಿಲ್ಲ. ಪ್ರಶ್ನೆ ಬಾಯಲ್ಲಿ ಬಂತು, ಉತ್ತರ ಬಾಯಲ್ಲಿ ಹೋಯಿತು, ಉಳಿದದ್ದು ಅಂಕವೊಂದೇ. ವಶೀಲಿ, ಜಾತಿ, ಲಂಚ ಎಲ್ಲವೂ ನುಸುಳುವುದು ಈ ಸಂದಿಯಿಂದ.

ಆಯ್ಕೆಯಾಗದವರಿಗೆಲ್ಲ ಅನ್ಯಾಯವಾಗಿದೆ ಎಂದು ನಾವು ಹೇಳುತ್ತಿಲ್ಲ. ಹತ್ತು ಹುದ್ದೆಗೆ ಸಾವಿರ ಮಂದಿ ಹೋದರೆ ಒಂಬೈನೂರ ತೊಂಬತ್ತು ಮಂದಿ ಹಿಂದಿರುಗಲೇಬೇಕು. ಹುದ್ದೆಗಳೇ ಕಡಿಮೆ ಎಂಬುದು ಬೇರೆ ಜಗಳ, ಅದನ್ನು ಬೇರೊಂದು ದಿನ ಆಡೋಣ. ಇಂದಿನ ವಿಷಯ, ಆ ಹತ್ತು ಮಂದಿಯನ್ನು ಆರಿಸಿದ ರೀತಿ.

ಸರ್ಕಾರಿ ಕೆಲಸದ ಮಟ್ಟಿಗೆ ಸಂವಿಧಾನದ 16ನೆಯ ವಿಧಿ ಸ್ಪಷ್ಟವಾಗಿದೆ. ಎಲ್ಲರಿಗೂ ಸಮಾನ ಅವಕಾಶ. ಧರ್ಮ, ಜಾತಿ, ಲಿಂಗ, ವಂಶ, ಹುಟ್ಟಿದ ಊರು ಇವುಗಳ ಕಾರಣದಿಂದ ಭೇದ ಮಾಡಕೂಡದು. ವಿಧಿಯಂತೂ ಇದೆ. ಆದರೆ ಸಂದರ್ಶನದ ಅಂಕಕ್ಕೆ ಮಿತಿ ಎಲ್ಲಿ ಎಂಬ ಪ್ರಶ್ನೆಯನ್ನು ನಮ್ಮವರು ಕೋರ್ಟಿನ ಮೆಟ್ಟಿಲು ಹತ್ತಿ ಕೇಳಬೇಕಾಯಿತು. ಮೊದಲ ಮುಖ್ಯ ಮೊಕದ್ದಮೆಗಳಲ್ಲೊಂದು ನಮ್ಮ ಮೈಸೂರು ರಾಜ್ಯದ್ದೇ. ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವಿಟ್ಟು, ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡಾ 25ರಷ್ಟನ್ನು ಅದಕ್ಕೆ ಮೀಸಲಿಟ್ಟಿದ್ದರು. ಚಿತ್ರಲೇಖಾ ಮೊಕದ್ದಮೆ ಎಂದು ಅದರ ಹೆಸರು. 1964ರಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಇದರಲ್ಲಿ ತಪ್ಪಿಲ್ಲವೆಂದಿತು.

ಹದಿನಾರು ವರ್ಷ ಕಳೆದ ಮೇಲೆ ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಮೊಕದ್ದಮೆ ಬಂತು. ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಹುಡುಗರು ಹೇಳಿಕೊಂಡದ್ದೇನೆಂದರೆ, ಒಬ್ಬೊಬ್ಬರನ್ನು ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡಿಸಲಿಲ್ಲ, ಕೇಳಿದ್ದೂ ತಂದೆ ಯಾರು, ಮನೆ ಎಲ್ಲಿ ಎಂಬುದನ್ನೇ. 1980ರಲ್ಲಿ ಕೋರ್ಟು, ಒಟ್ಟು ಅಂಕದ ಶೇಕಡಾ 15ಕ್ಕಿಂತ ಹೆಚ್ಚನ್ನು ಇಂಥ ಸಂದರ್ಶನಕ್ಕೆ ಇಡುವುದು ಮನಸೋ ಇಚ್ಛೆಯ ನಡೆಯೆಂದು ಹೇಳಿತು. ಸಂದರ್ಶನದ ಮಾತುಕತೆಯನ್ನು ಟೇಪಿನಲ್ಲಿ ಹಿಡಿದಿಡುವುದು ಒಳ್ಳೆಯದು ಎಂದೂ ಸೇರಿಸಿತು. ಗಮನಿಸಿ, ದೊಡ್ಡ ನ್ಯಾಯಾಧೀಶರಿಗೂ ತೋಚಿದ ಉಪಾಯ ಗಾಳಿಗೆ ಹೋಗುವ ಮಾತನ್ನು ಹಿಡಿದಿಡುವುದೇ. ಈಗ ಕಿಸೆ ಕಿಸೆಯಲ್ಲೂ ಧ್ವನಿ ಹಿಡಿಯುವ ಯಂತ್ರವಿರುವಾಗ ಆಯ್ಕೆ ಮಂಡಳಿಗಳಿಗೆ ಇದೇನು ಕಷ್ಟವೋ ನಮಗೆ ತಿಳಿಯದು.

1985ರಲ್ಲಿ ಹರಿಯಾಣದ ಮೊಕದ್ದಮೆಯಲ್ಲಿ ಇನ್ನೊಂದು ಮಾತು ಬಂತು. ಲೋಕಸೇವಾ ಆಯೋಗದ ಸದಸ್ಯನ ಬಂಧು ಸಂದರ್ಶನಕ್ಕೆ ಬಂದಾಗ ಆ ಸದಸ್ಯ ಎದ್ದು ಹೊರಗೆ ಹೋಗಬೇಕು, ಆ ಬಂಧುವಿನ ಯೋಗ್ಯತೆಯ ಚರ್ಚೆಯಲ್ಲೂ ಬಾಯಿ ಹಾಕಕೂಡದು ಎಂದು. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಒಳ್ಳೆಯದಾಯಿತು. ಜವಾನನ ಹುದ್ದೆಗೆ ವ್ಯಕ್ತಿತ್ವ ಪರೀಕ್ಷೆ ಯಾತಕ್ಕೆ?

ಇಷ್ಟು ಕೇಳಿದ ಮೇಲೆ, “ಇದೆಲ್ಲ ಓದಿದವರ ವ್ಯವಹಾರ, ದೊಡ್ಡವರಿಗೆ ಇಂಥದ್ದು ಆಗುವುದಿಲ್ಲ, ಆಗುವುದೆಲ್ಲ ನಮ್ಮಂಥವರಿಗೇ” ಎನ್ನುವವರಿದ್ದಾರೆ. ಅವರಿಗೆ ಕೊಡಗಿನ ಹೆಣ್ಣುಮಗಳೊಬ್ಬರ ವಿಷಯ ಹೇಳಬೇಕು. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ಆ ಸೇವೆ ಹೆಂಗಸರಿಗಲ್ಲವೆಂದು ಲೋಕಸೇವಾ ಆಯೋಗದ ಅಧ್ಯಕ್ಷರೇ ಅವರ ಮನಸ್ಸು ತಿರುಗಿಸಲು ನೋಡಿದರಂತೆ. ಅಷ್ಟೇ ಅಲ್ಲ, ತನ್ನ ಪ್ರಭಾವ ಬಳಸಿ ಸಂದರ್ಶನದಲ್ಲಿ ನಿಮಗೆ ಕನಿಷ್ಠ ಅಂಕ ಕೊಡಿಸಿದ್ದೆನೆಂದು ಆ ಅಧ್ಯಕ್ಷರೇ ಮುಂದೊಮ್ಮೆ ತಮಗೆ ಹೇಳಿದರೆಂದು ಮುತ್ತಮ್ಮನವರು ಸುಪ್ರೀಂ ಕೋರ್ಟಿಗೆ ಕೊಟ್ಟ ಅರ್ಜಿಯಲ್ಲಿ ತಿಳಿಸಿದ್ದಾರೆ. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆಸಿಕೊಂಡಿದ್ದೂ ಉಂಟು.

ಆಕೆ ಕೋರ್ಟಿಗೆ ಹೋದದ್ದು ಬಡ್ತಿ ತಪ್ಪಿದಾಗ. 1979ರಲ್ಲಿ ತೀರ್ಪು ಬಂತು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. ಆದ್ದರಿಂದ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮದುವೆಯಾದ ಹೆಂಗಸರ ಮೇಲಿದ್ದ ಸೇವಾ ನಿಯಮಗಳನ್ನು ಖಾರವಾಗಿ ಖಂಡಿಸಿ, ಎಲ್ಲ ನಿಯಮಗಳಲ್ಲಿರುವ ಇಂಥ ಭೇದವನ್ನು ತೊಡೆಯಬೇಕೆಂದು ಬರೆದರು. ನಮಗೆ ಇದರಲ್ಲಿ ಕಾಣುವುದಿಷ್ಟು. ನಿಯಮ ಕಾಗದದ ಮೇಲಿತ್ತು, ಅದನ್ನು ಹಿಡಿದು ಜಗ್ಗಲು ಸಾಧ್ಯವಾಯಿತು. ಸಂದರ್ಶನದ ಅನ್ಯಾಯ ಮಾತ್ರ ಮಾಡಿದಾತನೇ ಬಾಯಿಬಿಟ್ಟದ್ದರಿಂದ ತಿಳಿಯಿತು. ನಮ್ಮ ನಿಮ್ಮ ಹೆಣ್ಣುಮಕ್ಕಳಿಗೆ ಯಾರು ಬಂದು ಹೀಗೆ ಹೇಳುತ್ತಾರೆ?

“ಮದುವೆ ಯಾವಾಗ? ಮಗುವಾದರೆ ಕೆಲಸ ಬಿಡುತ್ತೀಯಲ್ಲವೇ?” ಎಂಬ ಪ್ರಶ್ನೆಗಳು ಇಂದಿಗೂ ನಿಂತಿಲ್ಲ. ಜೀವ ವಿಮಾ ನಿಗಮವು ನೌಕರಿಗೆ ಬಂದ ಹೆಂಗಸರಿಂದ ಮುಟ್ಟಿನ ದಿನಗಳ ಲೆಕ್ಕವನ್ನೂ ಬಸಿರಿನ ವಿವರವನ್ನೂ ನಮೂನೆಯಲ್ಲಿ ಬರೆಸಿಕೊಳ್ಳುತ್ತಿತ್ತು. ಆ ಕಲಮುಗಳನ್ನು ತೆಗೆಯಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅದೂ ಅಚ್ಚಾದ ನಮೂನೆಯಾದ್ದರಿಂದ ಸಿಕ್ಕಿಬಿತ್ತು.

ಇನ್ನು ಖಾಸಗಿ ಕಂಪನಿಗಳು. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಒಂದು ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಕೆಲಸದ ಜಾಹೀರಾತುಗಳಿಗೆ ಒಂದೇ ಯೋಗ್ಯತೆಯ ಅರ್ಜಿಗಳನ್ನು ಕಳಿಸಿದರು. ಹೆಸರು ಮಾತ್ರ ಬೇರೆ: ಒಂದು ಮೇಲುಜಾತಿಯ ಹೆಸರು, ಒಂದು ದಲಿತರ ಹೆಸರು, ಒಂದು ಮುಸಲ್ಮಾನರ ಹೆಸರು. 548 ಜಾಹೀರಾತುಗಳಿಗೆ 4,808 ಅರ್ಜಿ. ಮೇಲುಜಾತಿಯ ಹೆಸರಿಗೆ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸಲ್ಮಾನ ಹೆಸರಿಗೆ ಮೂರರಲ್ಲಿ ಒಂದು ಪಾಲು. ಸಂದರ್ಶನದ ಬಾಗಿಲು ತಟ್ಟುವ ಮೊದಲೇ ಇಷ್ಟು! ಇದೇ ಕಾಲದಲ್ಲಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಂಬವರು ಕಂಪನಿಗಳ ಅಧಿಕಾರಿಗಳನ್ನು ಮಾತಾಡಿಸಿದರು. ನಮಗೆ ಜಾತಿ ಬೇಡ, ಯೋಗ್ಯತೆ ಸಾಕು ಎಂದೇ ಅವರು ಹೇಳಿದರು. ಆದರೆ ಅಭ್ಯರ್ಥಿಯ “ಮನೆತನದ ಹಿನ್ನೆಲೆ” ಕೇಳುವುದು ಅಗತ್ಯ ಎಂದೂ ಹೇಳಿದರು. ಬೀಡಿ ಕಟ್ಟಿ ಮಗನನ್ನು ಓದಿಸಿದ ತಾಯಿಯ ಹಿನ್ನೆಲೆಗೆ ಆ ಕೋಣೆಯಲ್ಲಿ ಎಷ್ಟು ಅಂಕ ಬೀಳುತ್ತದೆ ಎಂಬುದನ್ನು ನೀವೇ ಊಹಿಸಿ.

ಬೈಗುಳವನ್ನೆಲ್ಲ ಕಂಪನಿಯವರಿಗೇ ಕೊಟ್ಟು ನಾವು ಮನೆಗೆ ಹೋಗುವಂತಿಲ್ಲ. ಗಿರಣಿಯ ಅಣ್ಣಂದಿರೇ, ಮುಂಬಯಿಯ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ಖಾತೆಗೆ ದಲಿತರನ್ನು ಬಿಡುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗಿತ್ತು, ಒಬ್ಬರ ಎಂಜಲು ಮತ್ತೊಬ್ಬರಿಗೆ ತಾಗುತ್ತದೆಂದು ಅಡ್ಡ ನಿಂತವರು ಮಾಲೀಕರಿಗಿಂತ ಹೆಚ್ಚಾಗಿ ಜೊತೆಯ ಕಾರ್ಮಿಕರೇ. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಡಾ. ಅಂಬೇಡ್ಕರ್ ಅವರು ಈ ಪ್ರಶ್ನೆಯನ್ನು ಮುಂದಿಟ್ಟರು. ಅಂಗಡಿಯ ಅಣ್ಣಂದಿರೇ, ಸಾಮಾನು ಕಟ್ಟಲು ಒಬ್ಬ ಹುಡುಗ ಬೇಕಾದಾಗ ನೀವು ಕೇಳುವ ಮೊದಲನೆಯ ಪ್ರಶ್ನೆ “ಯಾರ ಪೈಕಿ ನೀನು?” ಎಂದಲ್ಲವೇ? ಅದೂ ಸಂದರ್ಶನವೇ. ನಿಮ್ಮ ಮಗಳು ಬ್ಯಾಂಕಿನಲ್ಲಿ ಎದುರಿಸುವ ಪ್ರಶ್ನೆಯನ್ನು ನೀವು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಕೇಳಬೇಡಿ.

ಈಗ ಮಾಡಬೇಕಾದದ್ದಕ್ಕೆ ಬರೋಣ. ಹುದ್ದೆಯ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಳ್ಳಿ. ಯೋಗ್ಯತೆ ಏನು, ಸಂದರ್ಶನಕ್ಕೆ ಎಷ್ಟು ಅಂಕ ಎಂಬುದು ಅದರಲ್ಲಿರಬೇಕು. ಮಂಡಳಿಯ ಬಗ್ಗೆಯೋ ಕ್ರಮದ ಬಗ್ಗೆಯೋ ಆಕ್ಷೇಪಣೆಯಿದ್ದರೆ ಒಳಗೆ ಹೋಗುವ ಮೊದಲೇ ಬರೆದು ಕೊಟ್ಟು ಸಹಿ ಪಡೆಯಿರಿ. ಸುಮ್ಮನೆ ಕುಳಿತೆದ್ದು, ಫಲಿತಾಂಶ ನೋಡಿ ಆಮೇಲೆ ತಕರಾರು ತೆಗೆದರೆ ಕೋರ್ಟು ಸಾಮಾನ್ಯವಾಗಿ ಕೇಳುವುದಿಲ್ಲವೆಂದು 1995ರ ಒಂದು ತೀರ್ಪಿನಲ್ಲಿದೆ.

ಒಳಗೆ ಕೆಲಸಕ್ಕೆ ಸಂಬಂಧವಿಲ್ಲದ ಪ್ರಶ್ನೆ ಬಂದರೆ, “ಸ್ವಾಮಿ, ಇದು ಈ ಕೆಲಸಕ್ಕೆ ಹೇಗೆ ಬೇಕಾಗುತ್ತದೆ ಎಂದು ತಿಳಿಸಿದರೆ ಉತ್ತರಿಸುತ್ತೇನೆ” ಎಂದು ಮರ್ಯಾದೆಯಿಂದ ಕೇಳಬಹುದು. ಎಲ್ಲರೂ ಕೇಳಲೇಬೇಕೆಂದು ನಾವು ಹೇಳಲಾರೆವು. ಮನೆಯಲ್ಲಿ ಒಲೆ ಉರಿಯದಿರುವಾಗ ನಾಲಿಗೆ ಕಚ್ಚಿಕೊಂಡು ಉತ್ತರಿಸಿದವನನ್ನು ಹೇಡಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದೇ ರಾತ್ರಿ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಕರೆದರು, ಎಷ್ಟು ನಿಮಿಷ ಕೂರಿಸಿದರು, ಯಾರು ಏನು ಕೇಳಿದರು, ನೀವೇನು ಹೇಳಿದಿರಿ. ನಿಮ್ಮ ಜೊತೆ ಬಂದಿದ್ದ ನಾಲ್ವರೂ ಹೀಗೆ ಬರೆದರೆ, ಗಾಳಿಗೆ ಹೋದ ಮಾತಿಗೆ ಐದು ಸಾಕ್ಷಿಗಳಾದವು.

ಸರ್ಕಾರಿ ಹುದ್ದೆಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ನಿಮ್ಮ ಸಂದರ್ಶನದ ಅಂಕವನ್ನು ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿಯುಂಟು. ಮಂಡಳಿಯ ಸದಸ್ಯರ ಹೆಸರು ಸಿಗುವುದಿಲ್ಲ, 2012ರ ತೀರ್ಪು ಅದಕ್ಕೆ ಅಡ್ಡವಿದೆ; ಅಂಕ ಕೇಳಿ. ರಾಜ್ಯ ಸರ್ಕಾರದ ನೇಮಕಾತಿಯ ದೂರು ಆಡಳಿತ ನ್ಯಾಯಮಂಡಳಿಗೆ ಹೋಗುತ್ತದೆ. ಅದರ ಪೀಠಗಳು ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಗಳಲ್ಲೂ ಇವೆ. ಒಂದು ವರ್ಷದೊಳಗೆ ಹೋಗಬೇಕು.

ಹಣ ಕೇಳಿದರೆ ಕೊಡಬೇಡಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಇಲ್ಲವೇ ಲೋಕಾಯುಕ್ತಕ್ಕೆ ತಿಳಿಸಿ. 2018ರ ತಿದ್ದುಪಡಿಯ ಮೇಲೆ, ತಿಳಿಸದಿದ್ದರೆ ಕೊಟ್ಟವನೂ ಅಪರಾಧಿಯೇ. ಸಂದರ್ಶನಕ್ಕೆ ಬಂದ ಹೆಣ್ಣಿನೊಡನೆ ಅಸಭ್ಯವಾಗಿ ನಡೆದುಕೊಂಡರೆ, ಆಕೆ ಇನ್ನೂ ನೌಕರಳಲ್ಲ ಎಂಬ ನೆಪ ನಡೆಯುವುದಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆ ನೌಕರಿ ಇರಲಿ ಇಲ್ಲದಿರಲಿ ಆಕೆಯ ದೂರನ್ನು ಸ್ವೀಕರಿಸುತ್ತದೆ. ಅವಧಿ ಮೂರು ತಿಂಗಳು. ಹತ್ತು ಜನರಿಗಿಂತ ಕಡಿಮೆ ನೌಕರರಿರುವ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು.

ಖಾಸಗಿ ಕಂಪನಿಯ ಜಾತಿ ಭೇದಕ್ಕೆ ಮಾತ್ರ ಕಾನೂನಿನ ಕೈ ಗಿಡ್ಡ. 16ನೆಯ ವಿಧಿ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಒಬ್ಬನೇ ಹೋದರೆ ಕಾವಲುಗಾರನೇ ಹಿಂದಕ್ಕೆ ಕಳಿಸುತ್ತಾನೆ. ಸಂಘದ ಹೆಸರಿನಲ್ಲಿ, ಬರೆದಿಟ್ಟ ಐದು ಹಾಳೆಗಳೊಡನೆ ಹೋದರೆ ಮ್ಯಾನೇಜರ್ ಕುರ್ಚಿ ಹಾಕಿಸುತ್ತಾನೆ. ಹೆಂಗಸರಾದರೆ ಒಂದು ಆಸರೆ ಹೆಚ್ಚು: ನೇಮಕದಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು 1976ರ ಕಾಯಿದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಅರ್ಜಿ ಬರೆಯಲು ಬಾರದವರು ಭಾನುವಾರ ಬೆಳಿಗ್ಗೆ ಕಚೇರಿಗೆ ಬನ್ನಿ, ನಾವು ಇರುತ್ತೇವೆ. ಬರುವಾಗ ಸಂದರ್ಶನದ ಕರೆಪತ್ರ, ಪ್ರಕಟಣೆಯ ತುಣುಕು, 10 ರೂಪಾಯಿಯ ಪೋಸ್ಟಲ್ ಆರ್ಡರ್ ತನ್ನಿ. ಹುಡುಗನನ್ನೂ ಕರೆತನ್ನಿ; ಆ ಕೋಣೆಯೊಳಗೆ ಇದ್ದವನು ಅವನು, ಹೇಳಬೇಕಾದವನೂ ಅವನೇ.