ಊರ ಉಸಾಬರಿಯ ಆಂಟಿ



ಹೋದ ವಾರ ಸಿಂಗಪುರದ ಎಂ.ಆರ್.ಟಿ. ರೈಲಿನಲ್ಲಿ ನಾನು ಇಳಿಯಬೇಕಾದ ಸ್ಟೇಷನ್ ಬಿಟ್ಟು ಎರಡು ಸ್ಟೇಷನ್ ಮುಂದೆ ಹೋಗಿದ್ದೆ. ಕೈಯಲ್ಲಿ ಇಲ್ಲಿನದೇ ಲೇಖಕಿ ಒವಿಡಿಯಾ ಯು ಬರೆದ ‘ಆಂಟಿ ಲೀಸ್ ಡಿಲೈಟ್ಸ್’ ಇತ್ತು. 2013ರಲ್ಲಿ ಬಂದ ಇಂಗ್ಲಿಷ್ ಪತ್ತೇದಾರಿ ಕಾದಂಬರಿ. ಮಗಳು ತನಗೆಂದು ಗ್ರಂಥಾಲಯದಿಂದ ತಂದಿದ್ದಳು. ಅವಳು ಮುಟ್ಟಲಿಲ್ಲ, ನಾನು ಬಿಡಲಿಲ್ಲ.

ಆಂಟಿಯ ಪೂರ್ತಿ ಹೆಸರು ರೋಸಿ ಲೀ. ಗಂಡ ಇಲ್ಲ, ದುಡ್ಡಿಗೆ ಬರವಿಲ್ಲ. ಸುಮ್ಮನೆ ಕೂರಲಾರದೆ ಬಿಂಜೈ ಪಾರ್ಕಿನಲ್ಲಿ ಪೆರನಾಕನ್ ಅಡುಗೆಯ ಪುಟ್ಟ ಹೋಟೆಲು ಇಟ್ಟಿದ್ದಾಳೆ. ಪೆರನಾಕನ್ನರೆಂದರೆ ಮಲಯ ನೆಲದಲ್ಲಿ ತಲೆಮಾರುಗಳಿಂದ ಬೇರೂರಿದ ಚೀನೀ ಮನೆತನಗಳವರು. ಅವರ ಅಡುಗೆಯಲ್ಲಿ ತೆಂಗಿನಹಾಲು, ಹುಣಸೆ, ಅರಿಸಿನ ಎಲ್ಲ ಉಂಟು. ಉಪ್ಪಿನಕಾಯಿಗೆ ಅವರೂ ಅಚಾರ್ ಅಂತಲೇ ಅನ್ನುತ್ತಾರೆ. ಸೆಂತೋಸಾದ ಕಡಲತೀರದಲ್ಲಿ ಒಂದು ಹೆಣ ಸಿಗುತ್ತದೆ, ಆಂಟಿಯ ಮೂಗು ಚುರುಕಾಗುತ್ತದೆ.

ನನ್ನ ಮಟ್ಟಿಗೆ ಪತ್ತೇದಾರ ಎಂದರೆ ಎನ್. ನರಸಿಂಹಯ್ಯನವರ ಪುರುಷೋತ್ತಮ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನರಸಿಂಹಯ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ನಾವು ಅವನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದೆವು; ಪಠ್ಯಪುಸ್ತಕ ಮರೆತಿದೆ, ಪುರುಷೋತ್ತಮ ನೆನಪಿದ್ದಾನೆ. ಅವನದು ಸಾಹಸ. ಆಂಟಿ ಲೀಯದು ಸೌಟು. ಯಾರು ಏನು ಬಡಿಸಿಕೊಂಡರು, ಏನನ್ನು ತಟ್ಟೆಯ ಅಂಚಿಗೆ ಸರಿಸಿದರು ಎಂದು ನೋಡಿಯೇ ಮನುಷ್ಯರನ್ನು ಅಳೆಯುತ್ತಾಳೆ. ನಮ್ಮ ಅಜ್ಜಿ ಪಂಕ್ತಿಯಲ್ಲಿ ಬಡಿಸುತ್ತ ಮಾಡುತ್ತಿದ್ದದ್ದೂ ಅದನ್ನೇ.

ಇಂಥವರನ್ನು ಸಿಂಗಪುರದಲ್ಲಿ ‘ಕೇಪೋ’ ಅನ್ನುತ್ತಾರೆ. ನಮ್ಮಲ್ಲಾದರೆ ಊರ ಉಸಾಬರಿ ಹೊತ್ತವಳು. ಎರಡೂ ಬೈಗುಳವೇ. ಆದರೆ ಈ ಕಾದಂಬರಿಯಲ್ಲಿ ಉಸಾಬರಿಯಿಂದಲೇ ಕೆಲಸ ಆಗುತ್ತದೆ.

ನಿಜ ಹೇಳಬೇಕೆಂದರೆ ಪತ್ತೇದಾರಿಕೆ ಸ್ವಲ್ಪ ಸಡಿಲ, ನಡುವೆ ಸಾರು ನೀರಾಗುತ್ತದೆ. ಆಂಟಿಯ ಗಂಡನ ಮೊದಲ ಹೆಂಡತಿಯ ಮಗ, ಅವನ ಹೆಂಡತಿ ಸೆಲಿನಾ ಬಂದಾಗ ಮಾತ್ರ ಬಾಯಿತುಂಬ ನಕ್ಕೆ. ಕೊಲೆಗಾರ ಯಾರೆಂದು ನಾನು ಊಹಿಸಿದ್ದು ತಪ್ಪಾಯಿತು, ಅದೂ ಎರಡು ಸಲ.

ಪುಸ್ತಕ ಮುಗಿದ ಮರುದಿನ ನೋಡುತ್ತೇನೆ, ಎದುರು ಬಾಗಿಲಿನ ಚೀನೀ ಅಜ್ಜಿಯ ಚಪ್ಪಲಿ ಎರಡು ದಿನದಿಂದ ಇಟ್ಟಲ್ಲೇ ಇದೆ. ಆರು ವರ್ಷದಲ್ಲಿ ನಮ್ಮ ನಡುವೆ ನಡೆದದ್ದು ಲಿಫ್ಟಿನೊಳಗಿನ ಮುಗುಳ್ನಗೆಯಷ್ಟೇ. ಬರಿಗೈಲಿ ಹೋಗಲು ಸಂಕೋಚವಾಗಿ, ಒಂದು ಬಟ್ಟಲು ಕೋಸಂಬರಿ ಹಿಡಿದು ಬೆಲ್ ಒತ್ತಿದೆ. ಅಜ್ಜಿಗೆ ಏನೂ ಆಗಿರಲಿಲ್ಲ, ಹೊಸ ಚಪ್ಪಲಿ ಕೊಂಡಿದ್ದರು. ನಾನು ಬಂದ ಕಾರಣ ಕೇಳಿ ಬಿದ್ದು ಬಿದ್ದು ನಕ್ಕರು, ಪುಸ್ತಕ ಕೊಡು ಎಂದರು.

ಗ್ರಂಥಾಲಯದ ಇಪ್ಪತ್ತೊಂದು ದಿನದ ಗಡುವು ಈ ಶುಕ್ರವಾರ ಮುಗಿಯುತ್ತದೆ. ಪುಸ್ತಕ ಇನ್ನೂ ಅಜ್ಜಿಯ ಹತ್ತಿರವೇ ಇದೆ.